ಒಳ್ಳೆಯ ಪ್ರತಿ

ಕಂಪ್ಯೂಟರಿನ ಮೇಲೆ ಹೊದಿಸಿದ್ದ ಹೆಣಿಗೆಯ ಬಟ್ಟೆಯನ್ನು ತೆಗೆಯುವ ಮೊದಲು ಎವಾರಿಸ್ತೊ ಅಡುಗೆಮನೆಗೆ ಹೋಗಿ ಕೈ ತೊಳೆದುಕೊಂಡು ಬಂದ. ಯಾಕೆ ತೊಳೆದೆ ಎಂದು ಅವನಿಗೇ ತಿಳಿಯಲಿಲ್ಲ. ಬಟ್ಟೆ ಹೆಂಡತಿ ಕಾಸಿಲ್ದಾ ಹೆಣೆದದ್ದು. ಮಡಚಲು ಹೋದರೆ ಮಡಿಕೆಗೆ ಬರಲಿಲ್ಲ. ಅವಳು ಮೂಲೆಗೆ ಮೂಲೆ ಸೇರಿಸಿ, ಹೇಗೋ ಒಂದು ಸುತ್ತು ತಿರುಗಿಸಿ ಮಡಚುತ್ತಿದ್ದಳು. ಅದನ್ನು ದಿನವೂ ನೋಡಿದ್ದೇನೆ ಎಂದೇ ಅವನು ತಿಳಿದಿದ್ದ. ಕೊನೆಗೆ ಮುದ್ದೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ. ಬಾಳೆಕಾಯಿ ಮಾರುವವನ ಗಾಡಿ ಮೈಕಿನಲ್ಲಿ ಕೂಗುತ್ತ ಬೀದಿಯ ಆ ತುದಿಯಿಂದ ಬಂತು, ಅವನ ಮನೆಯ ಮುಂದೆ ಮೈಕಿನ ಸದ್ದನ್ನು ತಗ್ಗಿಸಿತು, ಮನೆ ದಾಟಿದ ಮೇಲೆ ಮತ್ತೆ ಏರಿಸಿತು. ದುಃಖದ ಮನೆ, ವರ್ಷ ತುಂಬಿಲ್ಲ ಎಂದು ಬೀದಿಗೆಲ್ಲ ಗೊತ್ತು. ಈ ಮರ್ಯಾದೆಗೆ ಅವನ ಮುಖ ಪ್ರತಿ ಸಲವೂ ಬಿಸಿಯಾಗುತ್ತಿತ್ತು. ಟಿವಿಗೂ ಅವನು ಒಂದು ಬೆಡ್‌ಶೀಟು ಹೊದಿಸಿದ್ದ. ದುಃಖದ ಮನೆಯಲ್ಲಿ ರೇಡಿಯೊ ಟಿವಿ ಹಾಕಬಾರದು ನಿಜ, ಆದರೆ ಈಗ ಎಲ್ಲರೂ ಒಂಬತ್ತು ದಿನಕ್ಕೆ ಮುಗಿಸುತ್ತಾರೆ. ಎವಾರಿಸ್ತೊ ಮಾತ್ರ ವರ್ಷವಿಡೀ ಹಾಕಲಿಲ್ಲ ಎಂದು ಪಾದ್ರಿಗಳು ಪ್ರಸಂಗದಲ್ಲಿ ಹೆಸರು ಹೇಳದೆ ಹೊಗಳಿದ್ದರು. ಆಗ ಅವನು ಬೂಟಿನ ಲಾಡಿ ನೋಡುತ್ತ ಕೂತಿದ್ದ.

ಸಂಜೆ ನಾಲ್ಕಕ್ಕೆ ಮಾತೆಯ ಸಂಘದ ಹೆಂಗಸರು ಹಾಡು ಅಭ್ಯಾಸ ಮಾಡಲು ಬರುತ್ತಾರೆ. ಭಾನುವಾರ ಕಾಸಿಲ್ದಾಳ ವರ್ಷದ ಪ್ರಾರ್ಥನೆ. ಅಂದು ಮನೆಯೊಳಗೆ ಕಟ್ಟಿದ ಪೀಠದ ಕಪ್ಪು ಬಟ್ಟೆ ಇಳಿಸುವಾಗ ಸತ್ತವರನ್ನು ಕಳಿಸಿಕೊಡುವ ಹಾಡು ಹಾಡಬೇಕು. ಮಾತೆಗೆ ಹಾಡುವ ಸಾಲ್ವೆಗಳಲ್ಲಿ ಅದೇ ಕೊನೆಯದು. ಅದನ್ನು ಹಾಡದೆ ಬಟ್ಟೆ ಇಳಿಸಿದರೆ ಹೋದವರು ಬಾಗಿಲಲ್ಲೇ ನಿಂತುಬಿಡುತ್ತಾರೆ ಎಂದು ಈ ಕೇರಿಯ ಮುದುಕಿಯರು ನಂಬುತ್ತಾರೆ, ಅವನೂ ನಂಬುತ್ತಾನೆ. ಪದ್ಯಗಳನ್ನು ಒಬ್ಬಳು ಹಾಡಿಸಬೇಕು, ಉಳಿದವರು ಪಲ್ಲವಿ ಹಿಡಿಯಬೇಕು. ಹಾಡಿಸುತ್ತಿದ್ದವಳು ಕಾಸಿಲ್ದಾ. ಕೇರಿಯಲ್ಲಿ ಸತ್ತ ಪ್ರತಿಯೊಬ್ಬರನ್ನೂ ಅವಳೇ ಕಳಿಸಿಕೊಟ್ಟಿದ್ದಳು. ತಾನು ಹೋದರೆ ಪದ್ಯಗಳೂ ಹೋಗುತ್ತವೆ ಎಂದು ಹೆದರಿ, ಅರವತ್ತು ದಾಟಿದ ಮೇಲೆ ಟೈಪು ಕಲಿತು, ಎಲ್ಲವನ್ನೂ ಈ ಯಂತ್ರಕ್ಕೆ ತುಂಬಿಸಲು ಕೂತಿದ್ದಳು. ಅವಳನ್ನು ಕಳಿಸುವ ಹಾಡು ಈಗ ಇದರೊಳಗಿದೆ. ಇದೋ, ಹೊತ್ತಿಕೊಳ್ಳುತ್ತದೆ, ಅರ್ಧದವರೆಗೆ ಬರುತ್ತದೆ, ನೀಲಿಯಾಗಿ ಸತ್ತುಹೋಗುತ್ತದೆ, ಮತ್ತೆ ಮೊದಲಿನಿಂದ ಹೊತ್ತಿಕೊಳ್ಳುತ್ತದೆ. ಕರೆಂಟು ಹೋಗಿ ಕೆಟ್ಟಿತು ಎಂದು ಅವನು ಎಲ್ಲರಿಗೂ ಹೇಳಿದ್ದ. ಕಾಸಿಲ್ದಾಳ ಅಕ್ಕ ಎರ್ಸಿಲಿಯಾ ಕರೆಂಟಿನ ಕಂಪನಿಯವರಿಗೆ ಅವರ ಮುತ್ತಜ್ಜನವರೆಗೂ ಶಾಪ ಹಾಕಿದ್ದಳು. ಆ ಶಾಪಗಳು ಸರಿಯಾದ ವಿಳಾಸ ಹುಡುಕಿಕೊಂಡು ಬರುತ್ತವೆ ಎಂದು ಅವನಿಗೆ ಕೆಲವು ಸಲ ಅನ್ನಿಸುತ್ತಿತ್ತು.

ಕರೆಂಟು ಹೋಗಿದ್ದೇನೋ ನಿಜ. ಜನವರಿಯ ಭಾನುವಾರ ಮಧ್ಯಾಹ್ನ, ಬೇಸ್‌ಬಾಲ್ ಸರಣಿಯ ಕೊನೆಯ ಪಂದ್ಯ, ಇವನೂ ಗೆಳೆಯ ನಿಕನೋರನೂ ಟಿವಿಯ ಮುಂದೆ, ನೆಲದ ಮೇಲೆ ಬಿಯರಿನ ದೊಡ್ಡ ಬಾಟಲಿ. ಕರೆಂಟು ಹೋಯಿತು, ಇನ್ವರ್ಟರ್ ಹಿಡಿದುಕೊಂಡಿತು. ಅದರ ಬ್ಯಾಟರಿಗಳು ಮುದಿಯಾಗಿದ್ದವು, ಟಿವಿಯನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಎಳೆಯಲಾರದೆ ಕೀಂಗುಡತೊಡಗಿದವು. ಟಿವಿಯ ಚಿತ್ರ ಕುಗ್ಗಿತು. ಅವನು ಎದ್ದು ಮೂಲೆಗೆ ಹೋದ. ಕಾಸಿಲ್ದಾ ಬೆನ್ನು ಹಾಕಿ ಕೂತಿದ್ದಳು, ಬಾಯಲ್ಲಿ ಹಾಡು ಗುನುಗುತ್ತ ಎರಡು ಬೆರಳಿನಲ್ಲಿ ಒತ್ತುತ್ತಿದ್ದಳು. 'ಒಂದ್ನಿಮಿಷ ತಡಿ ಮುದುಕಪ್ಪ, ಏನೋ ತುಂಬಿಸ್ಕೋತಾ ಇದೆ, ಆರಿಸ್ಬೇಡಿ ಅಂತ ಬರೆದಿದೆ, ಈ ಪದ್ಯ ಒಂದು ಮುಗಿಸಿಬಿಡ್ತೀನಿ' ಎಂದಳು. ಅವನಿಗೆ ಕೇಳಿಸಿತು. ಕೇಳಿಸಿಯೇ ಅವನು ಕಂಪ್ಯೂಟರಿನ ಪ್ಲಗ್ಗನ್ನು ಕಿತ್ತ. ಅವಳ ಬೆರಳುಗಳು ಇನ್ನೂ ಒಂದೆರಡು ಅಕ್ಷರ ಒತ್ತಿದವು, ಪರದೆ ಕಪ್ಪಾದದ್ದು ಬೆರಳಿಗೆ ತಿಳಿಯದೆ. ಅವಳು ತಿರುಗಿ ನೋಡಿದಳು. ಬೈದಿದ್ದರೆ ಇವತ್ತು ಹಗುರವಾಗಿರುತ್ತಿದ್ದ. 'ಇರಲಿ ಬಿಡು, ಪಂದ್ಯ ನೋಡು' ಎಂದು ಎದ್ದು, ಅವರಿಬ್ಬರಿಗೂ ಬಾಳೆಕಾಯಿ ಕರಿಯಲು ಒಳಗೆ ಹೋದಳು.

ಬಾಗಿಲಲ್ಲಿ ನಿಕನೋರನ ಕೆಮ್ಮು ಕೇಳಿಸಿತು. ಎವಾರಿಸ್ತೊನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುತ್ತಾರೆ. ಶಾಲಾ ಇಲಾಖೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದು ನಿವೃತ್ತನಾದವನು. ಈಗ ಮೂಲೆಯಂಗಡಿಯ ಮುಂದೆ ದಾಮಿನೊ ಆಡುವುದು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಕೈಯಲ್ಲಿ ಒಂದು ಡಿಸ್ಕು ಹಿಡಿದು ಬೀಸಣಿಗೆಯಂತೆ ಬೀಸಿಕೊಳ್ಳುತ್ತಿದ್ದ.

'ಎಲ್ಲಿ ಕೊಂಪಾದ್ರೆ ರೋಗಿ? ನಾಡಿ ನೋಡೋಣ.' ಕುರ್ಚಿಯ ಮೇಲಿದ್ದ ಹೆಣಿಗೆಯ ಬಟ್ಟೆಯನ್ನು ಎತ್ತಿ ಪಕ್ಕಕ್ಕೆ ಎಸೆದು ಕೂತ. 'ವರ್ಷ ಪೂರ್ತಿ ಇದನ್ನ ಹೀಗೇ ಹೆಣ ಮುಚ್ಚಿದ ಹಾಗೆ ಮುಚ್ಚಿಟ್ಟಿದ್ಯಲ್ಲ! ಒಂದು ಮಾತು ಹೇಳಿದ್ರೆ ನಾನು ಅವತ್ತೇ ಬರ್ತಿರ್ಲಿಲ್ವಾ?'

'ನಿನಗ್ಯಾಕೆ ತೊಂದರೆ ಅಂತ.'

'ತೊಂದರೆಯಂತೆ! ಆಟದಲ್ಲಿ ನನ್ನ ಜೊತೆ ಕೂತು ಗೆಲ್ಲೋ ಕಾಯಿ ಕೈಲಿಟ್ಕೊಂಡು ಸೋಲಿಸ್ತೀಯಲ್ಲ, ಅದಕ್ಕಿಂತ ತೊಂದರೆಯಾ?'

ನಿಕನೋರ್ ಏನೋ ಒಂದು ಕೀಲಿಯನ್ನು ಒತ್ತಿ ಹಿಡಿದು, ಯಂತ್ರ ನೀಲಿಯಾಗಿ ಸಾಯುವ ಮುಂಚೆಯೇ ಅದನ್ನು ಪಕ್ಕದ ದಾರಿಯಲ್ಲಿ ಒಳಗೆ ಎಳೆದುಕೊಂಡ. ಪರದೆಯ ನಾಲ್ಕು ಮೂಲೆಯಲ್ಲೂ ಸುರಕ್ಷಿತ ಸ್ಥಿತಿ ಎಂಬ ಅಕ್ಷರಗಳು ಮೂಡಿದವು. ಆಮೇಲೆ ಕಾಸಿಲ್ದಾಳ ಹೆಸರು ಬಂತು, ಹೆಸರಿನ ಕೆಳಗೆ ಗುಪ್ತಪದ ಕೇಳುವ ಖಾಲಿ ಪಟ್ಟಿ. ಯಂತ್ರದೊಳಗೆ ಒಬ್ಬರದೇ ಹೆಸರಿತ್ತು. ನಿಕನೋರ್ ಕೀಲಿಮಣೆಯನ್ನು ಇವನ ಕಡೆ ಸರಿಸಿದ.

'ಹೂಂ, ಹಾಕು.'

ಎವಾರಿಸ್ತೊ ಹಾಕಲಿಲ್ಲ. 'ನಿನ್ನ ಹೆಸರೇ ಇರತ್ತೆ, ಇನ್ನೇನು. ಹೆಂಗಸರೆಲ್ಲ ಹಾಗೇ ಇಡೋದು' ಎಂದು ನಿಕನೋರ್ ನಕ್ಕ. ಎವಾರಿಸ್ತೊ ಒಂದೊಂದೇ ಅಕ್ಷರ ಹುಡುಕಿ ತನ್ನ ಹೆಸರು ಒತ್ತಿದ. ಒತ್ತುವಾಗ ನಾಚಿಕೆಯಾಯಿತು, ಸಂತೋಷವೂ ಆಯಿತು. ತಪ್ಪು ಎಂದಿತು ಯಂತ್ರ. ಮಗಳ ಹೆಸರು ಒತ್ತಿದ. ತಪ್ಪು. ಮದುವೆಯ ವರ್ಷ. ತಮ್ಮ ಬಾನಿ ಊರನ್ನು ಕಾಯುವ ಮಾತೆ ರೆಗ್ಲಾಳ ಹೆಸರು. ತಪ್ಪು. ನಿಕನೋರ್ ನಗುವುದನ್ನು ನಿಲ್ಲಿಸಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ್ದ. ಆ ದಾಕ್ಷಿಣ್ಯ ನಗುವಿಗಿಂತ ಚುಚ್ಚಿತು. ಬೇರೆ ದಾರಿಯಿಲ್ಲದೆ ಅವನು ಎರ್ಸಿಲಿಯಾಗೆ ಫೋನು ಮಾಡಿದ.

'ಪಲೋಮಾ' ಎಂದಳು ಅವಳು, ಯೋಚಿಸದೆ. 'ನಮ್ಮ ಮೇಕೆ. ಚಿಕ್ಕವರಿದ್ದಾಗ ಸಾಕಿದ್ವಲ್ಲ, ಅವಳ ಹಾಸಿಗೇಲೇ ಮಲಗ್ತಿತ್ತು. ಎಲ್ಲದಕ್ಕೂ ಅದನ್ನೇ ಇಡ್ತಿದ್ಲು.' ಆಮೇಲೆ, 'ನಿನಗೆ ಗೊತ್ತಿರ್ಲಿಲ್ವಾ, ಎವಾರಿಸ್ತೊ?'

'ಮರೆತಿದ್ದೆ ಅತ್ತಿಗೆ' ಎಂದ ಅವನು. ಮೇಕೆಯ ಹೆಸರನ್ನು ಅವನು ಜೀವನದಲ್ಲೇ ಮೊದಲ ಸಲ ಕೇಳಿದ್ದ.

ನಿಕನೋರ್ ಕಪ್ಪು ಕಿಟಕಿಯೊಂದನ್ನು ತೆರೆದು, ಇವನೇ ಒತ್ತಬೇಕೆಂದು ಹಟ ಹಿಡಿದ. 'ಕೈ ಪಳಗಲಿ. ನಾನೇನು ದಿನಾ ಬರ್ತೀನಾ? ಮೂರಕ್ಷರ ಒತ್ತು. ಜಾಗ ಬಿಡು. ಅಡ್ಡಗೆರೆ. ಅದಲ್ಲ ಮಾರಾಯ, ಈ ಕಡೆ ವಾಲಿದ್ದು! ಬೆರಳಾ ಅವು, ಬಾಳೆಕಾಯಾ?' ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾಗಿ, ಕಪ್ಪಿನ ಮೇಲೆ ಬಿಳಿಯ ಒಂದು ಸಾಲು ಬಂತು: ಪರೀಕ್ಷೆ ಶುರುವಾಗಿದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಅದರ ಕೆಳಗೆ ಶೇಕಡಾ ಲೆಕ್ಕ ಸೊನ್ನೆಯಿಂದ ಏಳತೊಡಗಿತು.

ಎವಾರಿಸ್ತೊ ಆ ಅಂಕಿಯನ್ನು ನೋಡಿ ಕಣ್ಣು ತೆಗೆದ. ಇದನ್ನು ಅವನು ಬಲ್ಲ. ಅವಳ ಹೆಗಲಿನ ಮೇಲಿನಿಂದ ಇದನ್ನೇ ನೋಡಿದ್ದ, ಆ ಜನವರಿಯ ನಂತರ, ದಿನ ಬಿಟ್ಟು ದಿನ. ಅವಳು ಯಾರನ್ನೋ ಕೇಳಿಕೊಂಡು ಬಂದು, ಇದೇ ಮೂರಕ್ಷರ ಒತ್ತಿ, ಜಪಮಾಲೆ ಹಿಡಿದು ಎದುರಿಗೆ ಕೂರುತ್ತಿದ್ದಳು. ಅಂಕಿ ಏರುವಷ್ಟು ಹೊತ್ತೂ ಮಣಿ ಜರುಗಿಸುತ್ತಿದ್ದಳು. ಒಲೆಯ ಮೇಲೆ ಅನ್ನ ಸೀದ ದಿನ ಅವನು, 'ಕಪ್ಪು ಹಲಗೆ ಮುಂದೆ ಕೂತಿರೋ ದಡ್ಡ ಹುಡುಗಿ ಹಾಗಿದ್ದೀಯ, ಅದೇನು ನಿನಗೆ ಸ್ವರ್ಗದ ಬಾಗಿಲು ತೆಗೆಯತ್ತಾ?' ಎಂದಿದ್ದ. ನಿಕನೋರನೂ ಅಲ್ಲಿದ್ದನೇ ಅಂದು? ಇರಲಿಲ್ಲ, ಯಾರೂ ಇರಲಿಲ್ಲ. ನಗಿಸಲು ಯಾರೂ ಇಲ್ಲದಾಗಲೂ ಅವನು ಹಾಗೆ ಹೇಳಿದ್ದ. ಅವಳು ನಕ್ಕು, 'ಮೊದಲು ಇದು ಹುಷಾರಾಗಲಿ, ಆಮೇಲೆ ಉಳಿದ ಪದ್ಯ ಬರೀತೀನಿ' ಎಂದಿದ್ದಳು. ಅವಳಿಗೆ ಎಲ್ಲವೂ ಕ್ರಮದಲ್ಲಿ ಆಗಬೇಕು. ಅಕ್ಕಿ ಆರಿಸದೆ ನೀರಿಡುವವಳಲ್ಲ. ಉಪವಾಸಕಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಪಾತ್ರೆ ತೊಳೆಯುವಲ್ಲಿ ಬಿದ್ದಳು, ನಲ್ಲಿ ಹರಿಯುತ್ತಲೇ ಇತ್ತು. ನೀರು ಪೋಲಾಗುತ್ತಿದೆಯಲ್ಲ ಎಂದು ಬೈಯಲೆಂದೇ ಅವನು ಹಜಾರದಿಂದ ಎದ್ದು ಹೋದದ್ದು.

'ಒಳಗೆ ಏನು ಮಾಡ್ತಿದೆ ಇದು?' ಎಂದು ಕೇಳಿದ, ಏನಾದರೂ ಕೇಳಬೇಕೆಂದು.

'ಒಂದೊಂದೇ ಫೈಲು ತೆಗೆದು ನೋಡ್ತಿದೆ. ಪ್ರತಿಯೊಂದಕ್ಕೂ ಒಳಗೆ ಒಂದು ಒಳ್ಳೆ ಪ್ರತಿ ಬಚ್ಚಿಟ್ಟಿರತ್ತೆ, ಯಾರೂ ಮುಟ್ಟಿರಲ್ಲ. ಅದಕ್ಕೆ ಹೋಲಿಸಿ ನೋಡತ್ತೆ. ಕೆಟ್ಟಿದ್ರೆ ಕಿತ್ತು ಹಾಕಿ ಒಳ್ಳೇದನ್ನ ಕೂರಿಸತ್ತೆ. ಅಷ್ಟೇ.'

'ಅವಳು ಬರೆದದ್ದನ್ನೂ?'

'ಇಲ್ಲಪ್ಪ. ಯಂತ್ರ ತನ್ನ ಸಾಮಾನು ಮಾತ್ರ ರಿಪೇರಿ ಮಾಡ್ಕೊಳ್ಳತ್ತೆ. ನಾವು ಬರೆದದ್ದು ನಮ್ಮ ಪಾಡು. ಇದ್ದಷ್ಟು ಇರತ್ತೆ.'

ಎವಾರಿಸ್ತೊ ಚಿಕ್ಕಂದಿನಲ್ಲಿ ಕಲಿತ ಧರ್ಮೋಪದೇಶದ ಪಾಠವನ್ನು ನೆನೆದ. ದೇವರು ಪ್ರತಿ ಆತ್ಮವನ್ನೂ ಶುದ್ಧವಾಗಿ ಉಸಿರಿದನು. ಉಪ್ಪಿನ ಆಗರದಲ್ಲಿ ತೂಕ ನೋಡುತ್ತಿದ್ದ ಕಾಲದಲ್ಲಿ ಅವನು ಪ್ರತಿ ಬೆಳಿಗ್ಗೆ ತಕ್ಕಡಿಯನ್ನು ಒಂದು ಒಳ್ಳೆಯ ಕಲ್ಲಿಗೆ ಹೋಲಿಸಿ ಸರಿಮಾಡುತ್ತಿದ್ದ. ಆ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಬೀಗ ಹಾಕಿಡುತ್ತಿದ್ದರು. ತನ್ನೊಳಗೆ ಎಲ್ಲಾದರೂ ಬೀಗ ಹಾಕಿದ ಅಂಥದ್ದೊಂದು ಇದೆಯೇ, ಇದ್ದರೆ ಯಾರು ತೆಗೆದು ಹೋಲಿಸುವವರು ಎಂದು ಯೋಚಿಸುತ್ತಿರುವಾಗ ಅಂಕಿ ನೂರಕ್ಕೆ ಮುಟ್ಟಿ ನಿಂತಿತು. ಕೆಟ್ಟ ಫೈಲುಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ ಎಂದು ಬರೆದು ಯಂತ್ರ ಸುಮ್ಮನಾಯಿತು.

'ಥತ್' ಎಂದ ನಿಕನೋರ್. 'ಬಚ್ಚಿಟ್ಟ ಒಳ್ಳೆ ಪ್ರತೀನೇ ಕೆಟ್ಟಿದೆ. ಕಣಜಕ್ಕೇ ಹುಳ.'

'ಹಾಗಾದ್ರೆ ಮುಗೀತಾ?'

'ಯಾಕೆ ಮುಖ ಹಾಗೆ ಬಿಳಿಚಿಕೊಳ್ತೀಯ? ಮುಗಿಯೋಕೆ ನಾನೇನು ಸತ್ತಿದ್ದೀನಾ? ಅದಕ್ಕೇ ಡಿಸ್ಕು ತಂದಿರೋದು. ಹೊರಗಿಂದ ಒಳ್ಳೇದು ತಂದು ಮೊದಲು ಕಣಜ ತುಂಬಬೇಕು. ಆಮೇಲೆ ಇನ್ನೊಂದು ಸಲ ಪರೀಕ್ಷೆ.'

ಈ ಸಲದ ಆಜ್ಞೆ ಉದ್ದವಾಗಿತ್ತು. ನಿಕನೋರನೇ ಒತ್ತಿದ. ಅಂಕಿ ಒಂದು ಕಡೆ ಬಂದು ನಿಂತುಬಿಟ್ಟಿತು, ಅಲ್ಲಾಡಲಿಲ್ಲ. ಇದು ಹೀಗೇ ನಿಲ್ಲುತ್ತದೆ, ಹೆದರಿ ಆರಿಸಿದವರೇ ಕೆಡುವುದು ಎಂದು ನಿಕನೋರ್ ಹೇಳಿದ. ಆರಿಸುವ ಮಾತು ಬಂದಾಗ ಎವಾರಿಸ್ತೊ ಎದ್ದು ಕಾಫಿ ಇಡಲು ಹೋದ.

ಕಾಫಿ ಉಕ್ಕುವ ಹೊತ್ತಿಗೆ ಎರ್ಸಿಲಿಯಾ ಬಂದಳು, ಹೇಳಿದ ಹೊತ್ತಿಗಿಂತ ಬಹಳ ಮುಂಚೆ, ಕೈಯಲ್ಲಿ ಕೆಂಪು ಕಾಳಿನ ಪಾಯಸದ ಪಾತ್ರೆ. ಉಪವಾಸಕಾಲದಲ್ಲಿ ಯಾರ ಮನೆಯ ಪಾಯಸ ಗಟ್ಟಿ, ಯಾರದು ನೀರು ಎಂಬುದೇ ಕೇರಿಯ ಮುಖ್ಯ ಸುದ್ದಿ. ಎರ್ಸಿಲಿಯಾಳದು ಸೌಟು ನಿಲ್ಲುವಷ್ಟು ಗಟ್ಟಿ. ಎತ್ತರದ ಹೆಂಗಸು, ವಯಸ್ಸಿನಲ್ಲಿ ಇವನಿಗಿಂತ ದೊಡ್ಡವಳು. ಚಿಕ್ಕವಯಸ್ಸಿನಲ್ಲೇ ರಾಜಧಾನಿಯಲ್ಲಿ ಮನೆಗೆಲಸಕ್ಕೆ ಹೋಗಿ, ಮುದುಕಿಯಾದ ಮೇಲೆ ಊರಿಗೆ ಬಂದವಳು. ಆದ್ದರಿಂದ ಪದ್ಯಗಳು ಅಜ್ಜಿಯಿಂದ ತಂಗಿಗೆ ಬಂದವು, ಅವಳಿಗೆ ಬರಲಿಲ್ಲ. ಆ ಕೊರಗು ಅವಳಿಗಿತ್ತು. ಪರದೆಯ ಮುಂದೆ ಬಂದು ನಿಂತು ಶಿಲುಬೆಯ ಗುರುತು ಮಾಡಿದಳು.

'ನೋಡು ನಿಕನೋರ್' ಎಂದಳು. 'ನಮ್ಮ ಕೇರೀಲಿ ಹೆಂಡ್ತಿ ಸತ್ತ ಗಂಡಸರನ್ನ ನಾನು ಕಂಡಿದ್ದೀನಿ. ನಲವತ್ತು ದಿನಕ್ಕೆ ಇನ್ನೊಬ್ಬಳ ಸೆರಗು ಹಿಡಿದಿರ್ತಾರೆ. ಇವನನ್ನ ನೋಡು, ಅವಳ ಹಾಡಿಗೋಸ್ಕರ ಈ ವಯಸ್ಸಲ್ಲಿ ಈ ಪಿಶಾಚಿ ಮುಂದೆ ಕೂತಿದ್ದಾನೆ. ನನ್ನ ತಂಗಿ ಪುಣ್ಯ ಮಾಡಿದ್ಲು.'

'ಅತ್ತಿಗೆ, ಕಾಫಿ' ಎಂದ ಎವಾರಿಸ್ತೊ.

'ಆ ಕಂಪನಿಯವರಿದ್ದಾರಲ್ಲ, ಅವರ ಕೈಗೆ ಹುಳ ಬೀಳ! ಅವಳು ಹಾಡು ಬರೀತಾ ಕೂತಾಗಲೇ ಕರೆಂಟು ತೆಗೀಬೇಕಾ?'

'ಯಾವಾಗ ತೆಗೆದದ್ದು?' ನಿಕನೋರ್ ಪಾಯಸದ ಮುಚ್ಚಳ ಎತ್ತಿ ನೋಡುತ್ತ ಕೇಳಿದ.

'ಜನವರೀಲಿ. ಒಂದು ಭಾನುವಾರ.'

'ಪಂದ್ಯದ ಭಾನುವಾರವಾ? ಅವತ್ತು ನಾನಿಲ್ಲೇ ಇದ್ನಲ್ಲ! ಕರೆಂಟು ಹೋದ್ರೂ ಇನ್ವರ್ಟರ್ ಇತ್ತು, ನಾವು ಕೊನೇ ಚೆಂಡಿನ ತನಕ ನೋಡಿದ್ವಿ. ಅಲ್ವಾ ಕೊಂಪಾದ್ರೆ? ಟಿವಿ ನಡೀತಿದ್ರೆ ಇದು ಯಾಕೆ...'

'ಅದು ಬೇರೆ ಭಾನುವಾರ' ಎಂದ ಎವಾರಿಸ್ತೊ.

ದನಿ ಅವನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ನಿಕನೋರ್ ಅವನ ಮುಖ ನೋಡಿದ. ಆಮೇಲೆ ಮೂಲೆಯ ಇನ್ವರ್ಟರ್ ನೋಡಿದ, ಅದರ ಪಕ್ಕದಲ್ಲಿ ಟಿವಿ, ಕಂಪ್ಯೂಟರ್ ಎರಡರ ಪ್ಲಗ್ಗನ್ನೂ ಹಿಡಿಯುವ ಹಲಗೆಯನ್ನು ನೋಡಿದ, ಬೆಡ್‌ಶೀಟು ಹೊದ್ದ ಟಿವಿಯನ್ನು ನೋಡಿದ. ಅವನ ತಲೆಯೊಳಗೆ ಎಲ್ಲ ಒಂದೊಂದಾಗಿ ಕೂಡಿಕೊಳ್ಳುತ್ತಿರುವುದನ್ನು ಎವಾರಿಸ್ತೊ ನಿಂತೇ ಕಂಡ.

'ಹೌದು ಹೌದು, ಬೇರೆ ಭಾನುವಾರ' ಎಂದ ನಿಕನೋರ್. 'ನನ್ನ ತಲೆ ಎಲ್ಲಿ ನೆಟ್ಟಗಿರತ್ತೆ. ಬಿಯರ್ ಕುಡಿದ ದಿನಗಳೆಲ್ಲ ನನಗೆ ಒಂದೇ ಭಾನುವಾರ.'

ಎರ್ಸಿಲಿಯಾ ನಕ್ಕು, ಕುಡುಕ ಎಂದು ಬೈದು, ಕುರ್ಚಿಗಳನ್ನು ಜೋಡಿಸಲು ಹೊರಟಳು. ಅಲ್ಲಿಂದ ಮುಂದೆ ನಿಕನೋರ್ ತಮಾಷೆ ಮಾಡಲಿಲ್ಲ. ನಿಂತಿದ್ದ ಅಂಕಿ ಮತ್ತೆ ಏರಿತು, ಕಣಜ ತುಂಬಿತು ಎಂದಿತು. ಮತ್ತೆ ಅದೇ ಮೂರಕ್ಷರ ಒತ್ತಿದ, ಮತ್ತೆ ಸೊನ್ನೆಯಿಂದ. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಅದನ್ನೇ ನೋಡಿದರು, ಒಂದೇ ಬಸ್ಸಿನಲ್ಲಿ ಪರಿಚಯವಿಲ್ಲದವರು ಕೂರುವ ಹಾಗೆ. ಎವಾರಿಸ್ತೊಗೆ ಬೈಸಿಕೊಳ್ಳಬೇಕು ಅನ್ನಿಸಿತು. ಹೆಂಡತಿಯೂ ಬೈಯಲಿಲ್ಲ, ಇವನೂ ಬೈಯುವುದಿಲ್ಲ, ಪಾಪನಿವೇದನೆಯ ಗೂಡಿನಲ್ಲಿ ಪಾದ್ರಿಗಳ ಮುಂದೆ ಮೂರು ಸಲ ಮೊಣಕಾಲೂರಿ ಕೋಪ, ಆಲಸ್ಯ, ಹೊಟ್ಟೆಬಾಕತನ ಎಂದೆಲ್ಲ ಹೇಳಿ, ಇದೊಂದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡೇ ಎದ್ದು ಬಂದಿದ್ದ. ಪ್ಲಗ್ಗು ಕಿತ್ತೆ ಎಂದು ಹೇಳಿದರೆ ಪಾದ್ರಿಗಳು ನಗುತ್ತಾರೆಂಬ ಭಯ. ಅದು ಎಂಥ ಪಾಪ? ಅದಕ್ಕೆ ಯಾವ ಹೆಸರಿದೆ? ಕೊಲೆಯಲ್ಲ, ಹಾದರವಲ್ಲ. ಹೆಂಡತಿ ಒಂದು ನಿಮಿಷ ತಡಿ ಎಂದಳು, ನಾನು ತಡೆಯಲಿಲ್ಲ.

ಕೆಟ್ಟ ಫೈಲುಗಳು ಸಿಕ್ಕಿವೆ, ಎಲ್ಲವನ್ನೂ ಸರಿಪಡಿಸಲಾಗಿದೆ. ನಿಕನೋರ್ ಯಂತ್ರವನ್ನು ಆರಿಸಿ ಹೊತ್ತಿಸಿದ. ಅದು ಅರ್ಧ ದಾರಿ ದಾಟಿತು, ನೀಲಿಯಾಗಲಿಲ್ಲ. ಕಾಸಿಲ್ದಾ ಇಟ್ಟುಕೊಂಡಿದ್ದ ಚಿತ್ರ ತೆರೆದುಕೊಂಡಿತು: ಒಂದು ಬಿಳಿ ಮೇಕೆ, ಯಾರದೋ ಮೇಕೆ, ಎಲ್ಲಿಂದಲೋ ಹುಡುಕಿ ಹಾಕಿದ್ದು. ನಿಕನೋರ್ ಡಿಸ್ಕು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ.

'ಪಾಯಸ ತಿಂದು ಹೋಗು' ಎಂದ ಎವಾರಿಸ್ತೊ.

'ಬೇಡ. ಅಂಗಡಿ ಹತ್ರ ಆಟಕ್ಕೆ ಕಾಯ್ತಿರ್ತಾರೆ.' ಬಾಗಿಲಿನವರೆಗೆ ಹೋದವನು ತಿರುಗಿದ. 'ಅವತ್ತು ಬಾಳೆಕಾಯಿ ಕರಿದು ತಂದುಕೊಟ್ಲು ಕಣೋ. ನಾನೂ ತಿಂದೆ' ಎಂದ. ಕೊಂಪಾದ್ರೆ ಎನ್ನಲಿಲ್ಲ.

ಹೆಂಗಸರು ಬಂದರು. ಬಿಳಿಯ ರವಿಕೆ, ತಲೆಯ ಮೇಲೆ ಕಪ್ಪು ಜಾಲರಿ, ಕಂಕುಳಲ್ಲಿ ತಮಟೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಪರದೆಯ ಕಡೆಗೆ ತಿರುಗಿಸಿಕೊಂಡು ಪೂಜೆಗೆ ಕೂರುವಂತೆ ಕೂತರು. ಎಲ್ಲರಿಗಿಂತ ಹಿರಿಯಳಾದ ತೋಮಾಸಿನಾ ಒಂದು ಕಣ್ಣಿಗೆ ಪೊರೆ ಬಂದವಳು, ಇನ್ನೊಂದು ಕಣ್ಣಿನಿಂದ ಮೇಕೆಯನ್ನು ನೋಡಿ, 'ಇದನ್ನ ಯಾಕೆ ಕೂರಿಸಿದ್ದೀರಿ ಮಾತೆ ಜಾಗದಲ್ಲಿ?' ಎಂದಳು. ಎಲ್ಲರೂ ನಕ್ಕರು. ಎರ್ಸಿಲಿಯಾ ಕನ್ನಡಕ ಹಾಕಿಕೊಂಡು ಎದುರಿಗೆ ಕೂತಳು. ಎವಾರಿಸ್ತೊ ಫೈಲು ತೆರೆದುಕೊಟ್ಟು ಗೋಡೆಗೆ ಒರಗಿ ನಿಂತ. ಪದ್ಯಗಳೆಲ್ಲ ಇದ್ದವು. ಒಂದೊಂದಕ್ಕೂ ನಡುವೆ ಎರಡು ಸಾಲು ಜಾಗ ಬಿಟ್ಟು, ತಪ್ಪಿಲ್ಲದೆ, ಅವಳ ಅಡುಗೆಮನೆಯ ಡಬ್ಬಿಗಳಂತೆ ಸಾಲಾಗಿ. ಹೆಂಗಸೊಬ್ಬಳು ಅಳತೊಡಗಿದಳು. 'ನಿನಗೆ ದೇವರು ಒಳ್ಳೇದು ಮಾಡ್ಲಿ ಎವಾರಿಸ್ತೊ' ಎಂದು ಎಲ್ಲರೂ ಒಬ್ಬೊಬ್ಬರಾಗಿ ಹೇಳಿದರು. ಅವನು ಪ್ರತಿಯೊಬ್ಬರಿಗೂ ಆಮೆನ್ ಎನ್ನಬೇಕಾಯಿತು.

ತಮಟೆ ಎದ್ದಿತು. ಎರ್ಸಿಲಿಯಾ ಓದಿ ಹಾಡಿದಳು, ಉಳಿದವರು ಪಲ್ಲವಿ ಹಿಡಿದರು. ಮೊದಲು ತಡವರಿಸಿದ ದನಿ ಬಿಸಿಯೇರಿತು. ಕೊನೆಯ ಹಾಡು ಬಂತು, ಕಳಿಸಿಕೊಡುವ ಹಾಡು, ಅದರ ಕೊನೆಯ ಪದ್ಯ.

ತಾಯೇ ನಿನ್ನ ನೀಲಿ ಸೆರಗ
ಕಡಲಿನುದ್ದ ಹಾಸಿದೆ
ದಾರಿ ಮರೆತ ಅಂಬಿಗನಿಗೆ

ಎಂದು ಹಾಡಿ ಎರ್ಸಿಲಿಯಾ ನಿಂತಳು. ಅದರ ಕೆಳಗೆ ಬರೀ ಬಿಳಿ. ಅವಳು ಪುಟವನ್ನು ಕೆಳಗೆ ತಳ್ಳಿದಳು, ಮೇಲೆ ತಂದಳು, ಮತ್ತೆ ತಳ್ಳಿದಳು. ತಮಟೆ ಎರಡು ಏಟು ಹೆಚ್ಚಿಗೆ ಹೊಡೆದು ಸುಮ್ಮನಾಯಿತು.

'ಇಲ್ಲೇ ಕರೆಂಟು ಹೋಗಿರೋದು' ಎಂದಳು. 'ಮುಂದಿನ ಸಾಲು ಏನು? ಯಾರಿಗೂ ಬರಲ್ವಾ? ತೋಮಾಸಿನಾ?'

'ನನಗೆಲ್ಲಿಯ ಪದ್ಯ ತಾಯಿ. ನಾನು ಹುಟ್ಟಿದಾಗಿನಿಂದ ಪಲ್ಲವಿಯವಳೇ.'

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ, ಗಾಳಿ ತಿರುಗಿದಂತೆ, ಎಲ್ಲರ ಮುಖವೂ ಅವನ ಕಡೆ ತಿರುಗಿತು.

'ಇವನಿದ್ದಾನಲ್ಲ!' ಎಂದಳು ಎರ್ಸಿಲಿಯಾ, ಸಮಾಧಾನದಿಂದ. 'ನಲವತ್ತು ವರ್ಷ ಈ ಮನೇಲಿ ಅವಳು ಹಾಡ್ತಿದ್ದಿದ್ದು ಕೇಳಿದ್ದೀಯ. ಯಾರ ವರ್ಷದ ಪ್ರಾರ್ಥನೆ ಬಂದ್ರೂ ಹಿಂದಿನ ದಿನ ಪೂರ್ತಿ ಅಡುಗೆಮನೇಲಿ ಹಾಡ್ಕೊಂಡೇ ಇರ್ತಿದ್ಲು. ಹೇಳು ಎವಾರಿಸ್ತೊ, ಅಂಬಿಗನಿಗೆ... ಆಮೇಲೆ?'

ಅವನು ಅಡುಗೆಮನೆಗೆ ಕಿವಿಗೊಟ್ಟ. ಅಲ್ಲಿ ಅವಳಿದ್ದಳು, ಬೆನ್ನು ಹಾಕಿ ನಿಂತಿದ್ದಳು, ಹಾಡುತ್ತಿದ್ದಳು. ರಾಗ ಬಂತು. ಸೌಟಿನ ಸದ್ದು ಬಂತು, ಎಣ್ಣೆಯ ಚಟಪಟ ಬಂತು, ತಾನು ಹಜಾರದಿಂದ 'ಸ್ವಲ್ಪ ಮೆತ್ತಗೆ, ಇಲ್ಲೇನೂ ಕೇಳಿಸ್ತಿಲ್ಲ' ಎಂದು ಕೂಗಿದ್ದು ಬಂತು. ಅವಳು ಮೆತ್ತಗಾದದ್ದು ಬಂತು. ಮಾತು ಬರಲಿಲ್ಲ. ಒಂದು ಅಕ್ಷರವೂ ಬರಲಿಲ್ಲ. ನಲವತ್ತು ವರ್ಷದಲ್ಲಿ ಆ ಸಾಲು ಒಂದು ಸಲವೂ ಅವನ ಕಿವಿಯ ಒಳಕ್ಕೆ ಹೋಗಿರಲಿಲ್ಲ. ನನಗೆ ಗೊತ್ತಿಲ್ಲ ಎನ್ನಬೇಕು. ಎರಡೇ ಮಾತು. ಬಾಯಿ ತೆರೆದ. ಹೆಂಗಸರು ಮುಂದಕ್ಕೆ ಬಾಗಿದರು. ತೋಮಾಸಿನಾ ಕಿವಿಯ ಹಿಂದೆ ಕೈ ಇಟ್ಟುಕೊಂಡಳು. ಅವಳ ಪೊರೆ ಬಂದ ಕಣ್ಣು ಕೂಡ ಅವನನ್ನೇ ನೋಡುತ್ತಿತ್ತು. ಹೆಂಡತಿಯನ್ನು ಇಷ್ಟು ಪ್ರೀತಿಸಿದವನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ ಆ ಕೋಣೆಯಲ್ಲಿ ತುಂಬಿ ನಿಂತಿತ್ತು.

'ದಡವ ತೋರಿ ಸಲಹಿದೆ' ಎಂದು ಅವನು ಹಾಡಿದ.

ಎಲ್ಲಿಂದ ಬಂತೋ. ರಾಗಕ್ಕೆ ಕೂತಿತು. ಪ್ರಾಸಕ್ಕೂ ಕೂತಿತು. ಹಾಡಿದ ಗಳಿಗೆಯಲ್ಲೇ ಅದು ಅವಳದಲ್ಲವೆಂದು, ಅವಳ ಬಾಯಿಂದ ಇಂಥ ಬರಿಯ ಮಾತು ಎಂದೂ ಬಂದಿರಲಾರದೆಂದು ಅವನಿಗೆ ತಿಳಿಯಿತು. ಎರ್ಸಿಲಿಯಾ ಏನಾದರೂ ಹೇಳಲಿ ಎಂದು ಕಾದ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

'ಹೌದು! ಹೌದು ತಾಯಿ, ಇದೇ!' ಎಂದು ತೋಮಾಸಿನಾ ತೊಡೆ ತಟ್ಟಿದಳು. 'ನಿಮ್ಮಜ್ಜಿ ಹೀಗೇ ಹೇಳ್ತಿದ್ಲು. ಈಗ ನೆನಪಾಯ್ತು ನೋಡು. ದಡವ ತೋರಿ ಸಲಹಿದೆ. ಹೀಗೇ.'

'ಬಾ, ನೀನೇ ಒತ್ತು' ಎಂದು ಎರ್ಸಿಲಿಯಾ ಕುರ್ಚಿ ಬಿಟ್ಟುಕೊಟ್ಟಳು. 'ಮತ್ತೆ ಕರೆಂಟು ಹೋಗೋ ಮುಂಚೆ.'

ಅವನು ಕೂತ. ಬೆರಳುಗಳು ಬೆಳಗಿನ ಹಾಗೆ ತಡವರಿಸಲಿಲ್ಲ. ಅವಳು ನಿಲ್ಲಿಸಿದ ಸಾಲಿನ ಕೆಳಗೆ ಅವನ ಸಾಲು ಬಂತು, ಅದೇ ಅಕ್ಷರ, ಅದೇ ಅಳತೆ. ಯಾವುದು ಯಾರದೆಂದು ಇನ್ನು ಯಾವ ಪರೀಕ್ಷೆಯೂ ಕಂಡುಹಿಡಿಯಲಾರದು. ಉಳಿಸು ಎಂದು ಒತ್ತಿದ. ಯಂತ್ರ ಏನೂ ಕೇಳಲಿಲ್ಲ, ಉಳಿಸಿಕೊಂಡಿತು.

'ಮೊದಲಿಂದ' ಎಂದಳು ಎರ್ಸಿಲಿಯಾ. ತಮಟೆ ಎದ್ದಿತು. ಅವನ ಭುಜದ ಮೇಲೆ ಕೈಯಿಟ್ಟುಕೊಂಡು, ಅವನ ತಲೆಯ ಮೇಲಿನಿಂದ ಪರದೆ ನೋಡುತ್ತ ಅವಳು ಹಾಡಿಸಿದಳು. ಆ ಸಾಲಿಗೆ ಬಂದಾಗ, ಇದುವರೆಗೆ ಪಲ್ಲವಿಯನ್ನಷ್ಟೇ ಹಿಡಿದಿದ್ದ ಹೆಂಗಸರೆಲ್ಲ ತಾವಾಗಿಯೇ ದನಿ ಕೂಡಿಸಿದರು. ಇಡೀ ಹಾಡಿನಲ್ಲಿ ಅವನ ಈ ಒಂದು ಸಾಲು ಮಾತ್ರ ಅವರಿಗೆ ಬರುತ್ತಿತ್ತು.